ನಮ್ಮ ಮನೆಯ ಕನ್ನಡದಲ್ಲಿ ವೋಟಿನ ಕರೆ

ಸ್ನೇಹಿತರೇ, ಇವತ್ತು ಮಧ್ಯಾಹ್ನ ತಮಿಳುನಾಡಿನ ವೇಲಚೇರಿಯ ನಮ್ಮ ಮನೆಗೆ ವೋಟು ಕೇಳುವ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿದರು.

"ಅಮ್ಮ, ಎಂತ ಸಾಪಾಡು ಇವತ್ತು?" ಎಂದಿತು ಅಭ್ಯರ್ಥಿಯ ದನಿ. ಆತನಿಗೆ ಕನ್ನಡವೇ ಬಾರದು. ಉಡುಪಿಯ 'ಎಂತ'ಕ್ಕೆ ಊಟಕ್ಕೆ ತಮಿಳಿನಲ್ಲಿ ಹೇಳುವ 'ಸಾಪಾಡು' ಸೇರಿಸಿ ಮಾತಾಡುವುದು ನಾವು, ಅದೂ ಮನೆಯೊಳಗೆ ಮಾತ್ರ.

"ಅಮ್ಮ, ಇದು ಎಐ. ಫೋನ್ ಇಡು" ಎಂದೆ.

ಅಮ್ಮ ಇಡಲಿಲ್ಲ. "ನೀವು ಯಾರ ಮನೆಯವರು ಮಾರಾಯ್ರೆ?"

"ನಿಮ್ಮ ಮನೆಯವನೇ ಅಲ್ವಾ ಅಮ್ಮ."

ಫೋನ್ ಕಸಿದುಕೊಂಡು ಚುನಾವಣೆಯ ದೂರಿನ ನಂಬರಿಗೆ ಕರೆ ಮಾಡಿದೆ. ತಮಿಳಿನಲ್ಲೇ ಎಲ್ಲ ಹೇಳಿದೆ. ಸ್ಪೀಕರಿನಲ್ಲಿ ಅತ್ತಲಿಂದ ಹೆಣ್ಣುದನಿ, ಕನ್ನಡ ಮಾತ್ರ ಅದೇ ನಮ್ಮ ಮನೆಯದು: "ಗಾಬರಿ ಎಂತಕ್ಕೆ? ಮೊದಲು ಸಾಪಾಡು ಮುಗಿಸಿ."

ಅಮ್ಮನಿಗೆ ಖುಷಿಯೋ ಖುಷಿ. ದೂರು ಕೇಳುವ ಜಾಗದಲ್ಲೂ ನಮ್ಮವರೇ ಇದ್ದಾರಲ್ಲ!