ಏಳು ನಿಮಿಷ ಮುಂದಿನ ಬಸ್ಸು

ಕೆಲಸ ಹೋದದ್ದನ್ನಾದರೂ ದೇವರಾಜು ಮರೆತಾನು, ಕೊರಳಿನ ಸೀಟಿ ಕಿತ್ತುಕೊಂಡದ್ದನ್ನು ಮರೆಯುವವನಲ್ಲ.

ಮಾಗಡಿಯಿಂದ ಕೂಟಗಲ್ ಮೇಲೆ ರಾಮನಗರಕ್ಕೆ ಹೋಗುವ ರುದ್ರಪ್ರಸಾದನ ಖಾಸಗಿ ಬಸ್ಸಿನಲ್ಲಿ ಅವನು ಹದಿನೇಳು ವರ್ಷ ಕಂಡಕ್ಟರ್. ಯಾರು ಎಲ್ಲಿ ಹತ್ತುತ್ತಾರೆ, ಯಾರ ಸೊಸೆಗೆ ಎಷ್ಟು ತಿಂಗಳು, ಯಾರ ರೇಷ್ಮೆಗೂಡು ಇವತ್ತು ಮಾರ್ಕೆಟ್ಟಿಗೆ ಹೊರಟಿದೆ, ಎಲ್ಲ ಅವನಿಗೆ ಬಾಯಿಪಾಠ. ಯಜಮಾನನ ತಾಯಿ ಸುಂದರಮ್ಮನಿಗೆ ಕಾರು ಹತ್ತಿದರೆ ವಾಂತಿ. ಮಂಗಳವಾರ ಮಂಗಳವಾರ ಮಂಡಿನೋವಿನ ಡಾಕ್ಟರ ಹತ್ತಿರ ಬಸ್ಸಿನಲ್ಲೇ ಹೋಗುವ ಆ ಮುದುಕಿಯನ್ನು ಕೈಹಿಡಿದು ಹತ್ತಿಸುತ್ತಿದ್ದವನೂ ಇವನೇ.

ಅವತ್ತು ಕೂಟಗಲ್‌ನಲ್ಲಿ ವಯಸ್ಸಾದ ದೊಡ್ಡಹನುಮಯ್ಯ ಗೂಡಿನ ಚೀಲ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದ. ದೇವರಾಜು ಎರಡು ನಿಮಿಷ ಬಸ್ಸು ನಿಲ್ಲಿಸಿದ. ಹಿಂದೆಯೇ ಕಾರಿನಲ್ಲಿ ಬರುತ್ತಿದ್ದ ರುದ್ರಪ್ರಸಾದ ಇಳಿದು ಬಂದು, ತುಂಬಿದ ಬಸ್ಸಿನ ಎದುರಿಗೆ, "ಬಸ್ಸೇನು ನಿಮ್ಮಪ್ಪಂದೇನ್ಲಾ? ಇಳಿ ಕೆಳಕ್ಕೆ!" ಎಂದವನೇ ಸೀಟಿಯ ದಾರಕ್ಕೆ ಕೈ ಹಾಕಿ ಎಳೆದ. ದಾರ ಹರಿಯಿತು, ಕತ್ತಿನ ಹಿಂದೆ ಬರೆ ಎದ್ದಿತು. ಬರೆ ನಾಲ್ಕು ದಿನಕ್ಕೆ ಮಾಯಿತು. ಹೊಟ್ಟೆಯೊಳಗಿನ ಉರಿ ಮಾತ್ರ ತಿಂಗಳಾದರೂ ಆರಲಿಲ್ಲ.

ಕೆಲಸಕ್ಕಾಗಿ ಅವನು ಸುತ್ತದ ಊರಿಲ್ಲ. ಕೊನೆಗೆ ಒಂದೇ ವಾರದಲ್ಲಿ ಮೂರು ಕಡೆಯಿಂದ ಕರೆ ಬಂತು. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ, ಪಿ.ಎಫ್., ಇ.ಎಸ್.ಐ., ಭಾನುವಾರ ರಜೆ. ರಾಮನಗರದ ಕಲ್ಯಾಣಮಂಟಪದಲ್ಲಿ ಮ್ಯಾನೇಜರ್. ನೆರಳಲ್ಲಿ ಕೂತು ದಿನಾ ಮದುವೆ ಊಟ. ಇನ್ನು ಮೂರನೆಯವನು ಮಕ್ಬೂಲ್, ಅದೇ ರೂಟಿನಲ್ಲಿ ಒಂದು ಲಟಾರಿ ಬಸ್ಸು ಓಡಿಸುವವನು. ಸಂಬಳ ಎಲ್ಲಕ್ಕಿಂತ ಕಡಿಮೆ.

"ನನ್ ಗಾಡಿ ಅವನದಕ್ಕಿಂತ ಏಳು ನಿಮಿಷ ಮುಂದೆ ಕಣಯ್ಯ," ಎಂದ ಮಕ್ಬೂಲ್. "ಆದ್ರೂ ಜನ ನನ್ನ ಬುಟ್ಟು ಹಿಂದಿನ್ ಬಸ್ಸಿಗೆ ಕಾಯ್ತಿದ್ರು. ಯಾಕೇಳು? ನೀನಿದ್ದೆ ಅಂತ. ಈಗ ನನ್ ಬಾಗ್ಲಲ್ಲಿ ಒಸಿ ನಿಂತ್ಕೊ ಸಾಕು."

ಆ ಮಾತು ದೇವರಾಜುವಿನ ಕಿವಿಯಲ್ಲೇ ಕೂತುಬಿಟ್ಟಿತು. ಮನೆಗೆ ಬಂದು ಮೂರನ್ನೂ ತೂಗಿ ನೋಡಿದ. ಅಂದರೆ, ತೂಗಿದಂತೆ ಮಾಡಿದ. ಫ್ಯಾಕ್ಟರಿಯ ಬಗ್ಗೆ ಯೋಚಿಸುವಾಗಲೂ ಕಣ್ಣ ಮುಂದೆ ಖಾಲಿ ಸೀಟುಗಳ ರುದ್ರಪ್ರಸಾದನ ಬಸ್ಸೇ ಬರುತ್ತಿತ್ತು. ಅದನ್ನು ನೆನೆದರೆ ಅನ್ನ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

"ಊದೋ ಬೆರಳುದ್ದದ ಸೀಟಿಗೆ ಸಂಸಾರನ ಬೀದಿಗೆ ತತ್ತೀಯಾ?" ಎಂದು ಹೆಂಡತಿ ಭಾನುಪ್ರಿಯ ರೇಗಿದಳು. "ಇ.ಎಸ್.ಐ. ಇದ್ರೆ ನಾಳೆ ನಿಂಗೋ ನಂಗೋ ಹುಸಾರು ತಪ್ಪಿದ್ರೆ ಆಯ್ತದೆ. ಸೋಮಾರದ ತಂಕ ಟೈಮ್ ಕೊಟ್ಟವ್ರೆ, ಆಮ್ಯಾಕೆ ಬ್ಯಾರೆಯೋರ್ನ ತಗತಾರೆ."

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಸೋಮವಾರ ಅವನು ಫ್ಯಾಕ್ಟರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದ. ಕಲ್ಯಾಣಮಂಟಪದವರಿಗೆ ಅದನ್ನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಭಾನುಪ್ರಿಯ ಒಂದು ಹೊಸ ಸೀಟಿಯನ್ನು ಅವನ ಮುಂದೆ ಕುಕ್ಕಿದಳು. ದಾರ ಹೆಬ್ಬೆರಳ ದಪ್ಪವಿತ್ತು.

"ಮೂರೆಳೆ ಹೆಣ್ದಿವ್ನಿ. ಯಾವನಾದ್ರೂ ಎಳೀಲಿ ನೋಡಾನ."

ಅವತ್ತು ಮಂಗಳವಾರ. ಮಕ್ಬೂಲನ ಬಸ್ಸಿನ ಬಾಗಿಲಲ್ಲಿ ದೇವರಾಜುವಿನ ಮುಖ ಕಂಡದ್ದೇ ಸ್ಟಾಪುಗಳಲ್ಲಿ ಕೂತಿದ್ದವರು ಎದ್ದರು. ಗೂಡಿನ ಚೀಲಗಳು ಟಾಪಿಗೆ ಏರಿದವು. ದೊಡ್ಡಹನುಮಯ್ಯ ಹತ್ತಿ ಬೆನ್ನು ತಟ್ಟಿದ. ಹಿಂದೆ ಬರುವ ಬಸ್ಸಿಗೆ ನರಪಿಳ್ಳೆಯೂ ಉಳಿಯಬಾರದೆಂದು ದೇವರಾಜು ಹಲ್ಲು ಕಚ್ಚಿ ಕೂಗಿ ಕೂಗಿ ತುಂಬಿಸಿದ. ಮುಂದಿನ ಸ್ಟಾಪಿನಲ್ಲಿ ಕೋಲು ಊರಿಕೊಂಡು ನಿಂತಿದ್ದವಳು ಸುಂದರಮ್ಮ.

"ನಿಮ್ ಬಸ್ಸು ಹಿಂದ್ಗಡೆ ಬತ್ತಾ ಐತೆ ಕಣವ್ವಾ," ಎಂದ ದೇವರಾಜು, ಬಾಯಿಮಾತಿಗೆ.

"ಅದ್ನ ನಂಬ್ಕೊಂಡು ಹೋದ್ವಾರ ಕೆಟ್ಟೆ ಕಣಪ್ಪ. ನಾನು ಕಾಲೆತ್ತಾಕ್ ಮುಂಚೇನೇ ಆ ಹೊಸ ಕಂಡಕ್ಟ್ರು ರೈಟ್ ಅಂದ್ಬುಟ್ಟ. ತತ್ತಾ, ಕೈ ಕೊಡು."

ಕೈ ಕೊಟ್ಟ. ಮುಂದಿನ ಸೀಟಿನಲ್ಲಿ ಕೂರಿಸಿದ. ಆಮೇಲೆ, ಬೇಕೆಂದೇ, ಟಿಕೆಟ್ ಹರಿದು ಅವಳ ಮುಂದೆ ಹಿಡಿದ. ಮಗನ ಬಸ್ಸಿನಲ್ಲಿ ಒಂದು ದಿನವೂ ಟಿಕೆಟ್ ಪಡೆಯದ ಮುದುಕಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ನಂತರ ಚೀಲದಿಂದ ಫೋನ್ ತೆಗೆದಳು.

"ಪ್ರಸಾದಾ, ನನಗೋಸ್ಕರ ನಿನ್ ಬಸ್ಸು ನಿಲ್ಲುಸ್ಬ್ಯಾಡ ಕಣಪ್ಪ. ನಾನು ದೇವರಾಜು ಬಸ್ಸಲ್ಲಿ ಕುಂತಿವ್ನಿ. ಹ್ಞೂ, ಟಿಕೆಟ್ ತಗಂಡೆ. ಅವನಾ? ಇಲ್ಲೇ ಅವ್ನೆ, ನನ್ ಪಕ್ದಲ್ಲೇ."

ದೇವರಾಜು ಬಗ್ಗಿ, ಆ ಫೋನಿನ ಹತ್ತಿರ ಬಾಯಿ ತಂದು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಸೀಟಿ ಊದಿದ. ಬಸ್ಸು ಹೊರಟಿತು.