ಹುಸೇನಸಾಬರ ಬಹುವಚನ

ಇವತ್ತು ಸಂಜೆ ಲೋಕಲ್ ರೈಲಿನಲ್ಲಿ ಪಕ್ಕದವರ ಮೊಬೈಲಿಗೆ ಇಣುಕಿದೆ. ಕೆಟ್ಟ ಅಭ್ಯಾಸ, ಬಿಡಿ. ‘ರಿಕ್ಷಾ ಚಾಲಕ ಪ್ರಯಾಣಿಕರ ಪರ್ಸ್ ಮರಳಿಸಿದ್ದಾನೆ’ ಎಂಬ ಕನ್ನಡ ಸುದ್ದಿ. ಆ ‘ದ್ದಾನೆ’ಯಲ್ಲಿ ನನ್ನ ಕಣ್ಣು ಎಡವಿ ನಿಂತಿತು. ಫೋರ್ಟ್‌ನಲ್ಲಿದ್ದ ನಮ್ಮ ಪತ್ರಿಕಾ ಕಚೇರಿ ನೆನಪಾಯಿತು.

ಅಲ್ಲಿ ನಾನು ಉಪಸಂಪಾದಕ. ಸುದ್ದಿ ಸಂಪಾದಕರು ಮೈಸೂರಿನ ಶ್ರೀಕಂಠಯ್ಯ. ಭಾಷೆಯ ನಿಯಮಗಳನ್ನು ಟೈಪ್ ಮಾಡಿಸಿ ಕಪಾಟಿಗೆ ಅಂಟಿಸಿದ್ದರು. ಬಾಂದ್ರಾಕ್ಕೆ ಮಹಾಪ್ರಾಣ ಬೇಡ, ಭಾಂಡುಪ್‌ಗೆ ಬೇಕು. ಕರಾವಳಿಯವನಾದ ನನ್ನ ನಾಲಿಗೆಗೆ ಎರಡೂ ಒಂದೇ. ‘ಅಪಗಾತ’ ಎಂದು ಬರೆದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇನ್ನೊಂದು ನಿಯಮವೂ ಇತ್ತು: ಅಧಿಕಾರಿ, ವೈದ್ಯ, ಮಂತ್ರಿಗಳಿಗೆ ಬಹುವಚನ, ಕೂಲಿಕಾರ, ಚಾಲಕ, ಆರೋಪಿಗಳಿಗೆ ಏಕವಚನ. ಕಾಗುಣಿತದಷ್ಟೇ ಸಹಜವಾಗಿ ಅದನ್ನೂ ಪಾಲಿಸುತ್ತಿದ್ದೆವು. ಯಾಕೆಂದು ಯಾರೂ ಕೇಳಿರಲಿಲ್ಲ.

ಕೇಳಿದವರು ಶಬಾನಾ. ವಿಜಯಪುರದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಭಾಂಡುಪ್. ಆಗಷ್ಟೇ ಸೇರಿದ್ದ ವರದಿಗಾರ್ತಿ. ಅವರ ಮನೆಯ ಹತ್ತಿರದ ಚಾಳ್ ವಠಾರಕ್ಕೆ ಬೆಂಕಿ ಬಿದ್ದಾಗ, ಪೇಂಟರ್ ಹುಸೇನಸಾಬರು ತಮ್ಮ ಬಿದಿರಿನ ಏಣಿ ಇಟ್ಟು ಮೇಲಿನ ಮನೆಯ ಅಜ್ಜಿಯನ್ನು ಇಳಿಸಿದ್ದರು. ಶಬಾನಾ ‘ರಕ್ಷಿಸಿದ್ದಾರೆ’ ಎಂದು ಬರೆದರು. ಶ್ರೀಕಂಠಯ್ಯ ‘ರಕ್ಷಿಸಿದ್ದಾನೆ’ ಎಂದು ತಿದ್ದಿದರು.

“ಸರ್, ಬೆಂಕಿ ಆರಿದ ಮ್ಯಾಲೆ ನೋಡಾಕ ಬಂದ ಕಾರ್ಪೊರೇಟರ್ ‘ಬಂದರು’. ಏಣಿ ಏರಿದವರು ‘ಏರಿದ’ ಏನ್ರಿ?”

“ಪೇಪರಿಗೆ ಒಂದು ಶಿಸ್ತು ಬೇಡ್ವೇನಮ್ಮ? ಇವತ್ತು ಇವನಿಗೆ ಕೊಟ್ರೆ ನಾಳೆ ಎಲ್ರಿಗೂ ಕೊಡ್ಬೇಕಾಗತ್ತೆ.”

“ಕೊಡ್ರಿ ಸರ್, ಪ್ರಾಬ್ಲಮ್ ಕ್ಯಾ ಹೈ? ಇಲ್ಲಾ ಅಂದ್ರ ಸುದ್ದಿ ಮ್ಯಾಲಿನ ನನ್ನ ಹೆಸರು ತಗೀರಿ. ನಾಳೆ ಅವರ ಮನಿ ಮುಂದ ನಾ ಹೆಂಗ ಹಾದು ಹೋಗ್ಲಿ?”

ಎಲ್ಲರೂ ಕೀಬೋರ್ಡಿನ ಮೇಲಿಂದ ಕೈ ತೆಗೆದು ಕುಳಿತೆವು. ಶ್ರೀಕಂಠಯ್ಯ ಶಬಾನಾರಿಂದ ಫೋನ್ ನಂಬರ್ ಕೇಳಿ ಪಡೆದರು. ಹೆಸರನ್ನು ಅವರವರು ಹೇಳುವಂತೆಯೇ ಬರೆಯಬೇಕೆಂಬುದೂ ಅವರದೇ ನಿಯಮವಲ್ಲವೇ? ‘ಹುಸೇನಸಾಬ’ ಒಂದೇ ಪದವೋ ಎರಡೋ ಎಂದು ಕೇಳಲು ನೇರವಾಗಿ ಹುಸೇನಸಾಬರಿಗೇ ಫೋನ್ ಮಾಡಿದರು. ಆ ಕಡೆಯಿಂದ ಏನು ಉತ್ತರ ಬಂತೋ, ಇವರ ದನಿ ಮೆತ್ತಗಾಯಿತು. “ಅಯ್ಯೋ, ಕೈ ಸುಟ್ಟಿದೆಯಾ? ಡಾಕ್ಟರಿಗೆ ತೋರಿಸಿದ್ರಾ ನೀವು? ಒಬ್ರೇ ಹೋಗ್ಬೇಡಿ, ಯಾರನ್ನಾದ್ರೂ ಕರ್ಕೊಂಡು ಹೋಗಿ.”

ಫೋನ್ ಇಟ್ಟವರು ಕೀಬೋರ್ಡಿನ ಮೇಲೆ ಕೈ ಇಟ್ಟು, ಮತ್ತೆ ತೆಗೆದರು.

“ಇಷ್ಟು ಹೊತ್ತು ನೀವು, ನೀವು ಅಂತ ಮಾತಾಡ್ಬಿಟ್ಟು, ಈಗ ‘ಅವನು’ ಅಂತ ಬರಿಯೋಕೆ ಕೈ ಬರ್ತಿಲ್ಲ ಕಣಮ್ಮ,” ಎಂದರು. ಸುದ್ದಿಯನ್ನು ತಿದ್ದಿ, ಎದ್ದುಹೋಗಿ ಕಪಾಟಿನ ಮೇಲಿದ್ದ ಏಕವಚನದ ನಿಯಮವನ್ನೂ ಗೆರೆ ಎಳೆದು ಹೊಡೆದುಹಾಕಿದರು.

ನನಗೆ ಕೆಲಸದ ಚಿಂತೆ. “ಆರೋಪಿಗೆ ಏನು ಮಾಡೋಣ ಸಾರ್?”

“ಅವರಿಗೂ ಅಷ್ಟೇ,” ಎಂದರು.

ಈ ಊರಿನಲ್ಲಿ ಕನ್ನಡಕ್ಕಿಂತ ಹಿಂದಿಯ ‘ತೂ’, ಅಂದರೆ ‘ನೀನು’, ಬಾಯಿಗೆ ಬೇಗ ಬರುತ್ತದೆ. ಬರವಣಿಗೆ ತಿದ್ದಿಕೊಂಡರೂ ನನ್ನ ಬಾಯಿ ಹಾಗೇ ಉಳಿದಿತ್ತು. ಇವತ್ತು ಸ್ಟೇಷನ್ನಿನಿಂದ ಬಂದವನೇ ಬಿಲ್ಡಿಂಗಿನ ವಾಚ್‌ಮನ್‌ರನ್ನು ಮೊದಲ ಸಲ ‘ನೀವು’ ಎಂದು ಊರು ಕೇಳಿದೆ, “ಆಪ್ ಕೌನ್ಸೆ ಗಾಂವ್ ಸೆ ಹೈಂ?” ಅವರು ತಿರುಗಿ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಕ್ಕು, ಊರಿನ ಹೆಸರು ಹೇಳಿದರು. ಅಲ್ಲಿನ ನದಿಯ ಬಗ್ಗೆ, ಶಾಲೆಗೆ ಹೋಗುವ ಮಗಳ ಬಗ್ಗೆ ಹೇಳಿದರು. ಲಿಫ್ಟ್ ಬಂದು ಬಂದು ಹೋಯಿತು. ನಾವಿಬ್ಬರೂ ಅಲ್ಲೇ ಮಾತಾಡುತ್ತ ನಿಂತಿದ್ದೆವು.