ಕೈಯಿಂದ ಹಿಡಿಯುವ ಬಳ್ಳಿ

ಅವರ ಬಲಗಣ್ಣಿನ ಸುತ್ತ ಒಂದು ಗುಂಡನೆಯ ಗುರುತಿತ್ತು, ಎಳೆ ಮಗುವಿನ ಬಳೆಯನ್ನು ಒತ್ತಿ ತೆಗೆದ ಹಾಗೆ. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ಕಪ್ಪು ಅಂಚಿನ ಪುಟ್ಟ ಭೂತಗನ್ನಡಿಯನ್ನು ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿ ಸಿಕ್ಕಿಸಿ ಆದ ಗುರುತು ಅದು. ಭಾನುವಾರ ಅಂಗಡಿಗೆ ರಜೆಯಿದ್ದರೂ ಮಾಸುತ್ತಿರಲಿಲ್ಲ. ಹನುಮಂತನಗರದ ನಮ್ಮ ಏರು ರಸ್ತೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಬೀದಿಗೆಲ್ಲ ಅವರು ವಾಚ್ ಅಂಕಲ್, ನನಗೂ ಅಷ್ಟೇ.

ಬಸ್ ಸ್ಟಾಪಿನ ಪಕ್ಕ ಅವರ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲಿ ಕಾಯಬೇಕು. ಅಲ್ಲಿ ಒಂದು ಕಾನೂನಿತ್ತು. ಯಾರಾದರೂ "ಕೆಟ್ಟೋಗಿದೆ ಅಂಕಲ್" ಎಂದು ವಾಚ್ ಮುಂದಿಟ್ಟರೆ ಮುಟ್ಟುವ ಮೊದಲೇ ತಿದ್ದುತ್ತಿದ್ದರು: "ಕೆಟ್ಟಿಲ್ಲ, ನಿಂತಿದೆ." ನಾನು ಬ್ಯಾಂಕಿನಲ್ಲಿ ದಿನವಿಡೀ ಚೆಕ್ಕುಗಳ ಮೇಲಿನ ಸಹಿ ಅಸಲಿಯೋ ನಕಲಿಯೋ ಎಂದು ನೋಡುವವಳು, ಹಟಮಾರಿತನದಲ್ಲಿ ಕಡಿಮೆಯೇನಲ್ಲ. ಆದರೂ ಇಷ್ಟು ಸಣ್ಣದಕ್ಕೆ ಇಷ್ಟು ಹಟವೇಕೆ ಎಂದು ರೇಗಿ ಒಮ್ಮೆ ಕೇಳಿಯೇಬಿಟ್ಟೆ.

"ಕೆಟ್ಟಿದೆ ಅಂದ್ಬಿಟ್ರೆ ಕೈ ಆಮೇಲೆ ಹುಡುಕಲ್ಲ ಕಣಮ್ಮ. ನಿಂತಿದೆ ಅಂದ್ರೆ, ಯಾಕೆ ನಿಂತಿದೆ ಅಂತ ಹುಡುಕುತ್ತೆ" ಎಂದರು.

ಈ ಹುಡುಕುವ ಚಟ ಗಿಡಕ್ಕೆ ತಗುಲಿಕೊಂಡದ್ದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದ ಮೇಲೆ. ಗೇಟಿನ ಹೊರಗೆ ಯಾರೋ ಮಾರುತ್ತಿದ್ದ, ಒಣಕಡ್ಡಿಯಂಥ ಒಂದು ಸಸಿಯನ್ನು ಕವರಿನಲ್ಲಿ ಹಿಡಿದು ತಂದರು. ಕಟ್ಟಿದ್ದ ಚೀಟಿಯಲ್ಲಿ ಕ್ಲೆಮ್ಯಾಟಿಸ್ ಎಂಬ ಹೆಸರು, ಅಂಗೈ ಅಗಲದ ನೇರಳೆ ಹೂವಿನ ಚಿತ್ರ.

"ಮಾರೋವ್ನೇ ಹೇಳ್ಬಿಟ್ಟ, ಇದು ಚಳಿ ಕಡೆ ಬಳ್ಳಿ ಸಾರ್, ಬೆಂಗಳೂರಲ್ಲಿ ಹೂ ಬಿಡುತ್ತೆ ಅಂತ ಗ್ಯಾರಂಟಿ ಇಲ್ಲ ಅಂತ" ಎಂದರು, ಏನೋ ಬಹುಮಾನ ಬಂದವರ ಖುಷಿಯಲ್ಲಿ.

"ಮತ್ಯಾಕೆ ತಂದ್ರಿ ಅಂಕಲ್?"

"ಗ್ಯಾರಂಟಿ ಇರೋದು ನನ್ನ ಹತ್ರ ಯಾವತ್ತು ಬಂದಿದೆ ಹೇಳು?"

ಗೋಡೆಯ ಪಕ್ಕ ಒಂದು ದೊಡ್ಡ ಕುಂಡವಿಟ್ಟು, ಎರಡು ಗೆಣ್ಣು ಮಣ್ಣಿನೊಳಗೆ ಮುಚ್ಚಿಹೋಗುವಷ್ಟು ಆಳಕ್ಕೆ ನೆಟ್ಟರು. ಬುಡದ ಸುತ್ತ ಹೆಂಚಿನ ಚೂರು ಹರಡಿ ನೆರಳು ಮಾಡಿದರು. ಬಳ್ಳಿಯ ತುದಿಗೆ ಬಿಸಿಲು ಬೇಕು, ಬೇರಿಗೆ ತಂಪು ಬೇಕು ಎಂದು ಎಲ್ಲೋ ಕೇಳಿಕೊಂಡು ಬಂದಿದ್ದರು. "ಮನುಷ್ಯರಿಗೆ ತಲೆ ತಣ್ಣಗಿರ್ಬೇಕು, ಕಾಲು ಬೆಚ್ಚಗಿರ್ಬೇಕು. ಇದು ಉಲ್ಟಾ ಗಿರಾಕಿ" ಎನ್ನುತ್ತಿದ್ದರು. ಡಿಸೆಂಬರ್ ಬಂದರೆ ಬೆಳಿಗ್ಗೆ ಬೆಳಿಗ್ಗೆ ಗೋಡೆಯ ಮೇಲಿಂದ ಒಂದು ಪಾತ್ರೆ ಚಾಚುತ್ತಿದ್ದರು. ಅವರ ಫ್ರಿಜ್ಜಿನ ಐಸ್ ಸಾಲದೆ ನಮ್ಮದೂ ಬೇಕು. ಬುಡಕ್ಕೆ ಐಸ್ ಇಟ್ಟು, ಚಳಿಗಾಲ ಜೋರಾಗಿದೆ ಎಂದು ಬಳ್ಳಿಯನ್ನು ನಂಬಿಸುವ ಕೆಲಸ ಅದು. ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ಬಾಗಿಲಲ್ಲಿ ನಿಂತು "ಮದ್ವೆಯಾದ ಹೊಸದ್ರಲ್ಲಿ ನನ್ನನ್ನೂ ಇಷ್ಟು ನೋಡ್ಕೊಂಡಿರ್ಲಿಲ್ಲ" ಎಂದು ಗೊಣಗುತ್ತಿದ್ದರು.

ಒಂದು ಭಾನುವಾರ ಗೋಡೆಯಾಚೆಯಿಂದ ಕರೆದರು. "ಬಾಮ್ಮ, ಒಂದು ತಮಾಷೆ ತೋರಿಸ್ತೀನಿ." ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಸಿಕ್ಕಿಸಿದರು. ಹೂ ಕಟ್ಟುವ ಬಾಳೆನಾರನ್ನು ಸಣ್ಣಗೆ ಸೀಳಿ ಗೋಡೆಗೆ ಎಳೆದು ಕಟ್ಟಿದ್ದರು. ಬಳ್ಳಿ ಅದಕ್ಕೆ ಸುತ್ತಿಕೊಂಡಿರಲಿಲ್ಲ, ಹಿಡಿದುಕೊಂಡಿತ್ತು. ಎಲೆಯ ತೊಟ್ಟು, ಬರೀ ತೊಟ್ಟು, ನಾರಿನ ಸುತ್ತ ಬಾಗಿ ಕೊಕ್ಕೆ ಹಾಕಿದಂತೆ ನಿಂತಿತ್ತು.

"ನೋಡಿದ್ಯಾ? ಬೇರೆ ಬಳ್ಳಿ ಮೈಯಿಂದ ಸುತ್ತುತ್ತೆ, ಇದು ಕೈಯಿಂದ ಹಿಡಿಯುತ್ತೆ. ಬೆಳಿಗ್ಗೆ ಎಂಟಕ್ಕೆ ನಾರು ತಾಗಿಸಿದ್ದೆ. ಈಗ ಸಂಜೆ ಐದು. ಅರ್ಧ ಸುತ್ತು ಮುಗಿಸಿದೆ." ಕುಂಡದ ಪಕ್ಕದಲ್ಲಿ ಒಂದು ಹಳೆಯ ಟೈಂಪೀಸು ಬೇರೆ. ಗಂಟೆಯ ಮುಳ್ಳು ಓಡುವುದನ್ನು ಕಂಡವರಿಲ್ಲ, ಆದರೂ ಅದು ಓಡುತ್ತದೆ. ಇದೂ ಹಾಗೇ ಎಂದರು. ಅಂದಿನಿಂದ ನನ್ನ ತಲೆಗೂ ಹುಳ ಹೊಕ್ಕಿತು. ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಗೋಡೆಯ ಹತ್ತಿರ ಹೋಗಿ ಯಾವ ಎಲೆ ಎಲ್ಲಿಗೆ ತಲುಪಿತು ಎಂದು ನೋಡತೊಡಗಿದೆ.

ಎರಡು ವರ್ಷ ಹೂವಿಲ್ಲ. ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಮುಳ್ಳು ಎರಡೆರಡಾಗಿ ಕಾಣುತ್ತಿದೆ ಎಂದು ಅಂಗಡಿಯನ್ನು ಅರ್ಧ ದಿನ ಮಾತ್ರ ತೆರೆಯುತ್ತಿದ್ದರು. ಮೂರನೆಯ ವರ್ಷ ಫೆಬ್ರವರಿಯಲ್ಲಿ ಬಳ್ಳಿಯ ತುದಿಯಲ್ಲಿ ಬಟಾಣಿಯಷ್ಟು ಒಂದು ಮೊಗ್ಗು ಕಾಣಿಸಿತು. ಅದೇ ವಾರ ಎಡಗಣ್ಣಿನ ಆಪರೇಷನ್‌ಗೆಂದು ಅವರೂ ಆಂಟಿಯೂ ಮೈಸೂರಿನ ಮಗಳ ಮನೆಗೆ ಹೊರಟರು. ಗೇಟಿನ ಕೀ ನನ್ನ ಕೈಗಿಟ್ಟು, "ಕಣ್ಣು ತೆರೆದು ಬಂದ ಮೇಲೆ ಮೊದಲು ನೋಡೋದು ಈ ಹೂವನ್ನೇ. ಹುಷಾರಾಗಿ ನೋಡ್ಕೊಮ್ಮ" ಎಂದರು.

ಹನ್ನೊಂದು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹನ್ನೆರಡನೆಯ ಬೆಳಿಗ್ಗೆ ಹೋಗಿ ನೋಡಿದರೆ ಬಳ್ಳಿಗೆ ಬಳ್ಳಿಯೇ ಕಪ್ಪಾಗಿ ಜೋತುಬಿದ್ದಿತ್ತು. ಮೊಗ್ಗು ಕತ್ತು ಮುರಿದಂತೆ ಕೆಳಗೆ ನೋಡುತ್ತಿತ್ತು. ನೀರು ಹಾಕಿದೆ, ಐಸ್ ಇಟ್ಟೆ, ಎರಡು ದಿನ ಒದ್ದಾಡಿದೆ. ಸತ್ತೇಹೋಯಿತು ಎಂದುಕೊಂಡು ಬುಡಕ್ಕೆ ಕತ್ತರಿ ಹಾಕಿ, ಎಲ್ಲವನ್ನೂ ಕಸದ ಗಾಡಿಗೆ ಕೊಟ್ಟೆ.

ಒಂದು ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಬದಲಿಗೆ ಗಾಂಧಿ ಬಜಾರಿನಿಂದ ಒಂದು ಶಂಖಪುಷ್ಪದ ಬಳ್ಳಿ ತಂದು, ಹಳೆಯ ಬೇರನ್ನು ಕೀಳುವ ಪುರಸೊತ್ತೂ ಇಲ್ಲದೆ, ಅದರ ಪಕ್ಕದಲ್ಲೇ ಗುಂಡಿ ತೋಡಿ ನೆಟ್ಟು ಬಾಳೆನಾರಿಗೆ ಹಬ್ಬಿಸಿದೆ. ಅದರಲ್ಲೂ ನೇರಳೆಗೆ ಹತ್ತಿರದ ನೀಲಿ ಹೂವಿತ್ತಲ್ಲ. ಒಂದು ಕಣ್ಣು ಈಗಷ್ಟೇ ವಾಸಿಯಾಗುತ್ತಿದೆ, ಇನ್ನೊಂದು ಮಂಜು, ಅವರಿಗೇನು ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷ ನಕಲಿ ಸಹಿ ಹಿಡಿದವಳು ನಾನೇ ಒಂದು ನಕಲಿ ಮಾಡಿಟ್ಟೆ.

ಬಂದವರು ಮನೆಯೊಳಗೂ ಹೋಗಲಿಲ್ಲ. ಕಪ್ಪು ಕನ್ನಡಕದಲ್ಲೇ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೂವನ್ನು ನೋಡಲೇ ಇಲ್ಲ. ಬೆರಳಿನಿಂದ ನಾರನ್ನು ಕೆಳಗಿಂದ ಮೇಲಕ್ಕೆ ಸವರಿದರು.

"ಇದು ಮೈಯಿಂದ ಸುತ್ತಿದೆ" ಎಂದರು ಮೆಲ್ಲಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಈ ಸಲ ಬಿಸಿಲು ಜಾಸ್ತಿ ಅಲ್ವಾ ಅಂಕಲ್, ಅದಕ್ಕೇ ಸ್ವಲ್ಪ ಬೇರೆ ಥರ ಬೆಳೆದಿದೆ" ಎಂದುಬಿಟ್ಟೆ. ಇಂಥ ದಡ್ಡ ಸುಳ್ಳನ್ನು ಇನ್ಯಾರೂ ಹೇಳಿರಲಾರರು. ಇವತ್ತಿಗೂ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಅವರು ನಾರನ್ನು ಬಿಟ್ಟು ಬುಡದ ಮಣ್ಣನ್ನು ಮುಟ್ಟಿ ನೋಡಿದರು. "ಬೇರು ಸಮೇತ ಕಿತ್ಯಾ, ಬುಡಕ್ಕೆ ಕತ್ತರಿಸಿದ್ಯಾ?" ಎಂದು ಕೇಳಿದರು.

"ಕತ್ತರಿಸಿದೆ."

"ಹಾಗಾದ್ರೆ ನಿಂತಿದೆ ಅಷ್ಟೇ." ಜೇಬಿನಿಂದ ವಾಚ್ ರಿಪೇರಿಯ ಚಿಮಟ ತೆಗೆದು ಮಣ್ಣನ್ನು ಒಂದೊಂದೇ ಹರಳಾಗಿ ಸರಿಸಿದರು. ಒಳಗೆ ಹೂತಿದ್ದ ಆ ಎರಡು ಗೆಣ್ಣು ಗಟ್ಟಿಯಾಗಿ, ಹಸಿಯಾಗಿ ಇದ್ದವು. ಮೇಲಿನ ರೋಗ ಅಲ್ಲಿಗೆ ಇಳಿದಿರಲಿಲ್ಲ. ಶಂಖಪುಷ್ಪವನ್ನು ಬಿಸಾಡಲು ಕೈ ಹಾಕಿದರೆ ನನ್ನನ್ನು ತಡೆದರು. "ಅದೇನು ತಪ್ಪು ಮಾಡ್ತು ಪಾಪ" ಎಂದು ಬೇರೆ ಕುಂಡ ಹುಡುಕಿಕೊಂಡು ಬಂದರು.

ತಿಂಗಳೊಳಗೆ ಗೆಣ್ಣಿನಿಂದ ಚಿಗುರು ಬಂತು. ಮರುವರ್ಷ, ಎರಡೂ ಕಣ್ಣು ತಿಳಿಯಾದ ಮೇಲೆ, ಒಂದೇ ಒಂದು ಹೂ ಅರಳಿತು. ಬೆಳಿಗ್ಗೆ ಆರೂವರೆಗೆ ನನ್ನನ್ನು ಎಬ್ಬಿಸಿ ಕರೆದರು. ಆರು ದಳ. ಭೂತಗನ್ನಡಿ ಹಾಕಿಕೊಂಡು ಎಣಿಸಿ, ತೆಗೆದು ಎಣಿಸಿ, "ಬರಿಗಣ್ಣಿಗೂ ಆರೇ ಕಣಮ್ಮ" ಎಂದು ನಕ್ಕರು. ವಾಕಿಂಗಿಗೆ ಬಂದು ಪೂಜೆಗೆಂದು ಕಂಡವರ ಹೂ ಕೀಳುವವರ ಭಯಕ್ಕೆ ಗೇಟಿಗೆ 'ಈ ಬಳ್ಳಿಯ ರಸ ವಿಷ' ಎಂದು ಬೋರ್ಡು ಹಾಕಿದರು. ಅದು ನಿಜವೂ ಹೌದು. ನೋಡಲು ಬಂದವರಿಗೆಲ್ಲ ನನ್ನನ್ನು ತೋರಿಸಿ, "ಈಯಮ್ಮ ಸರಿಯಾದ ಟೈಮಿಗೆ ಕತ್ತರಿಸಿದ್ದಕ್ಕೆ ಉಳೀತು" ಎನ್ನುತ್ತಿದ್ದರು. ಆ ಹೊಗಳಿಕೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಎಷ್ಟೋ ಸಲ ತಪ್ಪಾಯ್ತು ಅಂಕಲ್ ಎನ್ನಲು ಹೋಗಿ ಐಸ್ ಬೇಕಾ ಎಂದು ಕೇಳಿ ಬಂದಿದ್ದೇನೆ.

ಹೋದ ಮಳೆಗಾಲದಲ್ಲಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಆಂಟಿ ಕುಂಡವನ್ನೂ ಭೂತಗನ್ನಡಿಯನ್ನೂ ನನ್ನ ಮನೆಗೆ ಕಳಿಸಿ, ತಾವೂ ಹಿಂದೆಯೇ ಬಂದರು.

"ಜ್ವರದಲ್ಲೂ ಇದೇ ಧ್ಯಾನ ಅವರಿಗೆ. ಅವಳಿಗೇ ಕೊಡು, ಕತ್ತರಿಸೋದು ಗೊತ್ತು ಅಂದ್ರು. ಈ ಸಲ ಬದಲಾಯಿಸ್ಬೇಡ ಅನ್ನು ಅಂತ ನಕ್ರು. ಹಾಗಂದ್ರೇನಮ್ಮ?"

ನಾನು ಆಂಟಿಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ, ಆಮೇಲೆ ಎಲ್ಲವನ್ನೂ ಹೇಳಿದೆ.

ಈ ಜನವರಿಯಲ್ಲಿ ಬಳ್ಳಿ ಪೂರ್ತಿ ಒಣಗಿ ಕಡ್ಡಿಯಾಯಿತು. ಕೆಲಸಕ್ಕೆ ಬರುವಾಕೆ ಪೊರಕೆ ಹಿಡಿದು ನಿಂತು, "ಅಕ್ಕ, ಒಣಗಿದ್ದು ಮನೆ ಮುಂದೆ ಇಟ್ಕೋಬಾರ್ದು. ಸತ್ತೋಗಿದೆ, ಎಸೆದುಬಿಡ್ಲಾ?" ಎಂದಳು.

"ಸತ್ತಿಲ್ಲ, ನಿಂತಿದೆ" ಎಂದೆ.

ಐಸ್ ಇಡುತ್ತೇನೆ, ದಿನಾ ಬೆಳಿಗ್ಗೆ ಬುಡದ ಮುಂದೆ ಕೂತು ಭೂತಗನ್ನಡಿಯಲ್ಲಿ ಹುಡುಕುತ್ತೇನೆ. ಚಿಗುರು ಇನ್ನೂ ಕಂಡಿಲ್ಲ. ಮೊನ್ನೆ ಬ್ಯಾಂಕಿನಲ್ಲಿ ಪಕ್ಕದ ಟೇಬಲ್ಲಿನ ಹುಡುಗಿ, "ಮೇಡಂ, ಕಣ್ಣಿನ ಸುತ್ತ ಏನೋ ಗುಂಡಗೆ ಗುರುತಾಗಿದೆ, ಒರೆಸ್ಕೊಳ್ಳಿ" ಎಂದಳು. ನಾನು ಒರೆಸಿಕೊಳ್ಳಲಿಲ್ಲ.